ಕೋವಿ ಕಟ್ಟಿದವರು ಯಾರು?

ಕೊಳ್ಳೇಗಾಲದ ಸೀಮೆಯಲ್ಲಿ ಬೇಟೆಯ ಕತೆಗಳಿಗೆ ಬರವಿಲ್ಲ. ಬಿಳಿಗಿರಿರಂಗನ ಬೆಟ್ಟದ ಯಳಂದೂರು ಮಗ್ಗುಲು ಮೈಸೂರಿನದು. ಕೊಳ್ಳೇಗಾಲದ ಮಗ್ಗುಲು 1956ರವರೆಗೆ ಕೊಯಮತ್ತೂರು ಜಿಲ್ಲೆಯದು. ಬೆಟ್ಟದ ಮೇಲೆ ಕಾಫಿ ಬೆಳೆದ ಆರ್. ಸಿ. ಮಾರಿಸ್ ಇಲ್ಲಿನ ಕಾಡುಪ್ರಾಣಿಗಳ ಬಗ್ಗೆ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಗೆ ಎಷ್ಟೋ ಟಿಪ್ಪಣಿ ಬರೆದರು. ಆದರೆ ಬಾಯಿಂದ ಬಾಯಿಗೆ ಬಂದ ಕತೆಗಳಲ್ಲಿ ತಗುಲಿದ ಗುಂಡೇ ಹೆಚ್ಚು. ತಪ್ಪಿದ ಗುಂಡಿಗೆ ನಮ್ಮವರ ಕಾರಣ ಒಂದೇ: "ಯಾರೋ ಕೋವಿ ಕಟ್ಟವ್ರೆ ಕನಾ." ಮಾಟಕ್ಕೆ ಹೆಸರು ಹೊತ್ತ ಸೀಮೆಯಲ್ಲವೇ!

ನನ್ನ ಸೋದರಮಾವ ಬೆಟ್ಟದ ತೋಟವೊಂದರಲ್ಲಿ ರೈಟರಾಗಿದ್ದರು. ದೊರೆಯ ರೈಫಲ್ಲು ಒರೆಸಿಡುವ ಕೆಲಸವೂ ಅವರದೇ. ಕಟ್ಟು ಬಿಚ್ಚುವ ಅವರ ಮಂತ್ರ ಬೇರೆ. ಮೊದಲು ಮರಳಿನ ಚೀಲದ ಮೇಲೆ ಕೋವಿ ಒರಗಿಸಿ, ನೂರು ಗಜ ದೂರದ ಕಾಗದಕ್ಕೆ ಐದು ಗುಂಡು ಹೊಡೆಯುವುದು. ಐದೂ ತೂತು ಒತ್ತಾಗಿ ಒಂದು ಪಕ್ಕಕ್ಕೆ ಬಿದ್ದರೆ ಕೋವಿ ಸರಿಯಿದೆ, ಗುರಿ ಹಿಡಿಯುವ ಮೊನೆ ಸರಿದಿದೆ. ಹಿಂದಿನ ಕಚ್ಚಿಗೂ ಮುಂದಿನ ಮೊನೆಗೂ ಎರಡು ಅಡಿ ಅಂತರವಿದ್ದು, ಮೊನೆ ಅಂಗುಲದ ನೂರರಲ್ಲೊಂದು ಭಾಗ ಸರಿದರೂ ನೂರು ಗಜದಲ್ಲಿ ಗುಂಡು ಒಂದೂವರೆ ಅಂಗುಲ ಆಚೆಗೆ. ಸಮರೂಪ ತ್ರಿಕೋನದ ಪಾಠಕ್ಕೆ ಈ ಲೆಕ್ಕವನ್ನು ನಾನು ಎಷ್ಟೋ ಸಲ ಬಳಸಿದ್ದೇನೆ.

ತೂತುಗಳು ಚೆಲ್ಲಾಪಿಲ್ಲಿಯಾದರೆ ಹುಡುಕಾಟ ಶುರು. ಮೊದಲು ಹೊಡೆಯುವ ಕೈ ಬದಲಿಸಿ ನೋಡಬೇಕು. ಸದ್ದಿಗೆ ಮೊದಲೇ ಬೆಚ್ಚುವ ಭುಜಗಳೇ ಹೆಚ್ಚು. ಆಮೇಲೆ ಮರಕ್ಕೂ ಕಬ್ಬಿಣಕ್ಕೂ ಬಿಗಿದ ತಿರುಪು. ಬೆಟ್ಟದ ಮಳೆಗಾಲದಲ್ಲಿ ಮರ ಉಬ್ಬಿ ನಳಿಗೆಯನ್ನು ಒತ್ತುತ್ತದೆ. ಮೊದಲ ಗುಂಡು ಸರಿಬಿದ್ದು, ನಳಿಗೆ ಕಾದಂತೆ ಉಳಿದವು ಒಂದೇ ದಿಕ್ಕಿಗೆ ಸರಿಯುತ್ತಿದ್ದರೆ ಅನುಮಾನ ಇದರ ಮೇಲೆ. ನಳಿಗೆಯ ಬಾಯಂಚು ಸವೆದಿದ್ದರೆ ಹೊಗೆ ಒಂದು ಕಡೆ ಮೊದಲು ನುಗ್ಗಿ ಗುಂಡನ್ನು ವಾಲಿಸುತ್ತದೆ. ಒಳಗೆ ತಾಮ್ರ ಮೆತ್ತಿಕೊಂಡರೂ ಕಷ್ಟ. ಜೋಡಿನಳಿಗೆಯ ರೈಫಲ್ಲಿನ ಎರಡು ನಳಿಗೆಗಳನ್ನು ಒಂದೇ ಬಗೆಯ ತೋಟಾಕ್ಕೆ ಹೊಂದಿಸಿ ಬೆಸೆದಿರುತ್ತಾರೆ. ಬೇರೆ ತೋಟಾ ತುಂಬಿದರೆ ಎರಡು ಗುಂಡು ಎರಡು ದಾರಿ. ಕಾರ್ಡೈಟ್ ಮದ್ದು ಬಿಸಿಲಿಗೆ ಹೆಚ್ಚು ರಭಸ ತೋರುತ್ತಿದ್ದುದರಿಂದ ಬಿಸಿ ದೇಶಗಳಿಗೆಂದೇ ಇಂಗ್ಲೆಂಡಿನಲ್ಲಿ ಬೇರೆ ತೋಟಾ ತಯಾರಾಗುತ್ತಿತ್ತು. ಒಂದು ಸಲಕ್ಕೆ ಒಂದೇ ಬದಲಾವಣೆ, ಮತ್ತೆ ಐದು ಗುಂಡು: ಇದು ಮಾವನ ಕಟ್ಟುನಿಟ್ಟು.

ಹನೂರು ಕಡೆ ಹೊಲ ಕಾಯುತ್ತಿದ್ದ ನಾಡಕೋವಿಗೆ ಈ ಶಾಸ್ತ್ರವೇ ಇಲ್ಲ. ಒಳಗೆ ಸುರುಳಿಗೆರೆ ಇಲ್ಲದ ಬೋಳು ನಳಿಗೆ, ಹತ್ತಿರದಿಂದ ಚರೆ ಎರಚುವಂಥದು.

ಇಷ್ಟೆಲ್ಲ ಯಾಕೆಂದರೆ, ಪೂರಾ ತಪ್ಪಿದ ಗುಂಡಿಗಿಂತ ಅರ್ಧ ತಪ್ಪಿದ್ದು ಕೆಟ್ಟದ್ದು. 1907ರಲ್ಲಿ ಜಿಮ್ ಕಾರ್ಬೆಟ್ ಕೊಂದ ಚಂಪಾವತದ ನರಭಕ್ಷಕ ಹುಲಿಯ ಬಲಗಡೆಯ ಕೋರೆಹಲ್ಲುಗಳು ಹಳೆಯ ಗುಂಡೇಟಿಗೆ ಮುರಿದಿದ್ದವು. ಸಹಜ ಬೇಟೆ ಕೈಲಾಗದೆ ಅದು ಮನುಷ್ಯರ ಮೇಲೆ ಬಿತ್ತೆಂದು ಆತನ ತೀರ್ಮಾನ. ನಮ್ಮ ಬೆಟ್ಟದಲ್ಲಿ ಗಾಯಗೊಂಡ ಕಾಟಿಯ ನೆತ್ತರಿನ ಜಾಡು ಹಿಡಿದು ಪೊದೆಯೊಳಗೆ ಮೊದಲು ಕಾಲಿಡುತ್ತಿದ್ದವನು ದೊರೆಯಲ್ಲ, ಬರಿಗೈಯ ಸೋಲಿಗ. ಗೋಡೆಗೆ ಕೊಂಬು ಏರಿದಾಗ ಕೆಳಗೆ ಅವನ ಹೆಸರು ಇರುತ್ತಿರಲಿಲ್ಲ.

1972ರ ವನ್ಯಜೀವಿ ಕಾಯ್ದೆ ಬಂದು, 1974ರಲ್ಲಿ ಬೆಟ್ಟ ಅಭಯಾರಣ್ಯವಾಯಿತು. ಬೇಟೆಯಿದ್ದ ಕಾಲದಲ್ಲಿ ಜಾಡು ಹಿಡಿಯಲು ಬರುತ್ತಿದ್ದ ಸೋಲಿಗರ ಹಿರಿಯರೊಬ್ಬರು, ಹೊರಡುವ ಮುನ್ನ ಮಾವನ ಹತ್ತಿರ ಆ ಕಾಗದ ಕೇಳಿ ಪಡೆದು, ಬೆಳಕಿಗೆ ಹಿಡಿದು, ತೂತುಗಳ ಮೇಲೆ ಅಂಗೈ ಇಟ್ಟು ನೋಡುತ್ತಿದ್ದರಂತೆ. ಅಂಗೈ ಮೀರಿ ಒಂದು ತೂತು ಕಂಡರೂ, "ಇವತ್ತು ಬ್ಯಾಡ ಬುದ್ಧಿ" ಎಂದು ಹೇಳಿ ಪೋಡಿನ ದಾರಿ ಹಿಡಿಯುತ್ತಿದ್ದರಂತೆ.