ಭುಜದಿಂದ ಸೊಂಟಕ್ಕೆ ಇಳಿದ ಹೊರೆ

ಅಲಾಸ್ಕಾದಲ್ಲಿ ಮೂಸ್ ಹೊಡೆದು, ತಿನ್ನುವಂಥ ಮಾಂಸವನ್ನ ಕಾಡಲ್ಲೇ ಬಿಟ್ಟುಬಂದರೆ ಅಪರಾಧ. ಹೊತ್ತೇ ತರಬೇಕು. ಹಿಂದಿನ ತೊಡೆ ಒಂದೇ ಅಕ್ಕಿ ಮೂಟೆಯಷ್ಟು ಭಾರ!

ಅಲ್ಲಿನ ಮೂಲನಿವಾಸಿಗಳ ಹೊರೆ ಚೌಕಟ್ಟು ಕಂಡ ಲಾಯ್ಡ್ ನೆಲ್ಸನ್, 1924ರಲ್ಲಿ ಮರದ ‘ಟ್ರ್ಯಾಪರ್ ನೆಲ್ಸನ್’ಗೆ ಪೇಟೆಂಟ್ ಪಡೆದ. (ಪೇಟೆಂಟಿನಲ್ಲಿ ಹೆಸರು ಮಾತ್ರ ಅವನದ್ದೇ.) ಚೀಲ ಬಿಚ್ಚಿ ಮಾಂಸ ಕಟ್ಟಬಹುದಿತ್ತು, ಆದರೆ ಭಾರವೆಲ್ಲ ಭುಜಕ್ಕೆ. ಮುಂದೆ ಸಿಯೆರಾ ನೆವಾಡಾ ಚಾರಣದಲ್ಲಿ ಡಿಕ್ ಕೆಲ್ಟಿ ಮತ್ತು ಗೆಳೆಯ ಚೌಕಟ್ಟಿನ ತುದಿಗಳನ್ನ ಪ್ಯಾಂಟಿನ ಹಿಂದಿನ ಜೇಬಿಗೆ ಸಿಕ್ಕಿಸಿ ನೋಡಿದರು. ಭುಜ ಹಗುರಾಯ್ತು! 1952ರಲ್ಲಿ ಕೆಲ್ಟಿ ಅಲ್ಯೂಮಿನಿಯಂ ಚೌಕಟ್ಟಿನ ಬ್ಯಾಗ್ ಮಾರತೊಡಗಿದ. ಸೊಂಟಪಟ್ಟಿ ರೂಢಿಗೆ ಬಂತು.

ಹಾಗಾಗಿ ಬೇಟೆ ಬ್ಯಾಗ್ ಆರಿಸೋವಾಗ ಲೀಟರ್ ಲೆಕ್ಕಕ್ಕಿಂತ ಮೊದಲು ನಾನು ನೋಡೋದು ಸೊಂಟಪಟ್ಟಿ. ಆಮೇಲೆ, ಚೀಲಕ್ಕೂ ಚೌಕಟ್ಟಿಗೂ ನಡುವೆ ಮಾಂಸ ಬಿಗಿಯೋ ಜಾಗ. ಹೊರೆ ಬೆನ್ನಿಗಂಟಿ ಕೂರಬೇಕು. ಕೆಳಗೆ ಜೋತರೆ ಹೆಜ್ಜೆಹೆಜ್ಜೆಗೂ ಹಿಂದಕ್ಕೆ ಎಳೆಯುತ್ತೆ.