ಬಯಲಿನ ಮುಂದಾಳಿನ ಅರ್ಹತೆ: ರಾಯಚೂರು ಸೀಮೆಯ ದೃಷ್ಟಿಯಿಂದ ಒಂದು ವಿವೇಚನೆ

ತರಗತಿಯೊಳಗೆ ಪಾಠ ಹೇಳುವವರಿಗೆ ಯಾವ ಅರ್ಹತೆಯಿರಬೇಕೆಂಬುದನ್ನು ನಮ್ಮ ವಿಶ್ವವಿದ್ಯಾಲಯಗಳು ಕೂಲಂಕಷವಾಗಿ ಗೊತ್ತುಮಾಡಿವೆ. ಅದೇ ಅಧ್ಯಾಪಕರು ವಿದ್ಯಾರ್ಥಿಗಳನ್ನು ಕರೆದುಕೊಂಡು ಗುಡ್ಡ ಹತ್ತುವಾಗ, ಹೊಳೆ ದಾಟುವಾಗ ಅವರಿಗಿರಬೇಕಾದ ಅರ್ಹತೆ ಯಾವುದೆಂಬ ಪ್ರಶ್ನೆಗೆ ಅಷ್ಟು ಸ್ಪಷ್ಟವಾದ ಉತ್ತರ ದೊರೆಯದು. ರಾಯಚೂರು ಸೀಮೆಯಲ್ಲಿ ಇದು ಬರಿಯ ಶಾಸ್ತ್ರಚರ್ಚೆಯ ವಿಷಯವಲ್ಲ. ಕೃಷ್ಣಾ ತುಂಗಭದ್ರೆಗಳ ನಡುವಣ ಈ ದೋಆಬಿನ ಇತಿಹಾಸದ ಆಕರಗಳು ಗ್ರಂಥಾಲಯದಲ್ಲಿರುವುದಕ್ಕಿಂತ ಹೆಚ್ಚಾಗಿ ಬಯಲಿನಲ್ಲಿವೆ. ರಾಯಚೂರು ಕೋಟೆಯ ಗೋಡೆಯಲ್ಲಿ 1294ರ ಶಾಸನವನ್ನು ಹೊತ್ತ ನೀಳವಾದ ಬಂಡೆಯಿದೆ. ದೇವದುರ್ಗ ತಾಲ್ಲೂಕಿನ ಗಬ್ಬೂರಿನಲ್ಲಿ ಗುಡಿಗಳೂ ಶಾಸನಗಳೂ ಊರ ತುಂಬ ಹರಡಿವೆ. ಹಳೆಯ ಮಾನ್ವಿ ತಾಲ್ಲೂಕಿನ ಕಲ್ಲೂರು, ಪ್ರಾಚೀನ ತಾಮ್ರದ ಕತ್ತಿಗಳು ದೊರೆತ ಸ್ಥಳ. ಇನ್ನು ಮಸ್ಕಿಯ ಅಶೋಕ ಶಾಸನ. 1915ರಲ್ಲಿ ಅದನ್ನು ಮೊದಲು ಗುರುತಿಸಿದವನು ಇತಿಹಾಸದ ಪ್ರಾಧ್ಯಾಪಕನಲ್ಲ, ಸಿ. ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರು! ದೇವಾನಾಂಪ್ರಿಯನೆಂದರೆ ಅಶೋಕನೇ ಎಂಬ ಹೆಸರಿನ ನಿರ್ಣಯಕ್ಕೆ ಕಾರಣವಾದ ಶಾಸನವು, ಗುಡ್ಡದಲ್ಲಿ ಅಲೆದು ಬಲ್ಲವನ ಕಣ್ಣಿಗೆ ಬಿದ್ದುದರಲ್ಲಿ ನಮಗೆ ಆಶ್ಚರ್ಯವಿಲ್ಲ.

ಬಯಲಿನಲ್ಲಿ ಇತರರನ್ನು ನಡೆಸುವವನಿಗೂ ಕ್ರಮಬದ್ಧವಾದ ಶಿಕ್ಷಣ ಬೇಕೆಂಬ ವಿಚಾರವು ಬಾಲಚರ ಚಳವಳಿಯಲ್ಲಿ ಸ್ಪಷ್ಟ ರೂಪ ತಾಳಿತು. 1907ರಲ್ಲಿ ಬೇಡನ್ ಪೊವೆಲ್ಲನು ಬ್ರೌನ್‌ಸೀ ದ್ವೀಪದಲ್ಲಿ ಹುಡುಗರ ಶಿಬಿರವನ್ನು ನಡೆಸಿದಾಗ ಅವರನ್ನು ಸಣ್ಣ ತುಕಡಿಗಳಾಗಿ ವಿಂಗಡಿಸಿ, ಪ್ರತಿಯೊಂದಕ್ಕೂ ಹುಡುಗರಲ್ಲಿಯೇ ಒಬ್ಬನನ್ನು ನಾಯಕನನ್ನಾಗಿ ಮಾಡಿದನು. ಹುಡುಗರ ಸಂಖ್ಯೆ ಬೆಳೆಯಿತು. ಅವರನ್ನು ನಡೆಸುವ ಹಿರಿಯರಿಗೆ ಶಿಬಿರದ ಅನುಭವವಿಲ್ಲದಿರುವುದು ಕಂಡುಬಂದಿತು. ಇದರ ಪರಿಹಾರವಾಗಿ 1919ರಲ್ಲಿ ಲಂಡನ್ನಿನ ಸಮೀಪದ ಗಿಲ್‌ವೆಲ್ ಪಾರ್ಕಿನಲ್ಲಿ ದಳನಾಯಕರ ಶಿಕ್ಷಣವು ಆರಂಭಗೊಂಡಿತು. ಶಿಕ್ಷಣ ಮುಗಿಸಿದವರಿಗೆ ಕೊಡುತ್ತಿದ್ದ ಎರಡು ಮರದ ಮಣಿಗಳು ಜುಲು ಅರಸು ದಿನುಜುಲುವಿನದೆಂದು ಹೇಳಲಾದ ಸರದಿಂದ ಬಂದವು. ಸೋತ ನಾಡಿನ ಆಭರಣವು ಗೆದ್ದವರ ಅರ್ಹತಾಚಿಹ್ನೆಯಾದ ಈ ಸಂಗತಿಯನ್ನು ಇತಿಹಾಸದ ವಿದ್ಯಾರ್ಥಿಗಳು ಹಾಗೆಯೇ ದಾಟಿಹೋಗಬಾರದು.

ಮಣಿಗಳಿಗಿಂತ ಮುಖ್ಯವಾದುದು ಶಿಕ್ಷಣದ ವಿನ್ಯಾಸ. ಅದಕ್ಕೆ ಮೂರು ಅಂಗಗಳಿದ್ದವು: ಓದಿ ಉತ್ತರ ಬರೆಯುವುದು ಒಂದು, ಶಿಬಿರದಲ್ಲಿ ಸ್ವತಃ ಬಾಲಚರನಂತೆ ಒಬ್ಬ ನಾಯಕನ ಕೈಕೆಳಗೆ ದುಡಿಯುವುದು ಇನ್ನೊಂದು, ಕಲಿತುದನ್ನು ತನ್ನ ಸ್ವಂತ ದಳದಲ್ಲಿ ತಿಂಗಳುಗಟ್ಟಲೆ ನಡೆಸಿ ತೋರಿಸುವುದು ಮತ್ತೊಂದು. ಈ ಕಡೆಯ ಅಂಗವನ್ನು ಗಿಲ್‌ವೆಲ್ಲಿನಲ್ಲಿ ಪೂರೈಸಲು ಸಾಧ್ಯವೇ ಇರಲಿಲ್ಲ. ಅಭ್ಯರ್ಥಿಯು ತನ್ನ ಊರಿಗೆ ಹಿಂದಿರುಗಲೇಬೇಕಾಗಿತ್ತು. ನಮ್ಮ ವಿವೇಚನೆಯ ತಿರುಳು ಇಲ್ಲಿದೆ.

ಕರ್ನಾಟಕದಲ್ಲಿ ಈ ಚಳವಳಿಯ ಆರಂಭವು 1909ರಲ್ಲಿ ಬೆಂಗಳೂರಿನಲ್ಲಿ ಕ್ಯಾಪ್ಟನ್ ಬೇಕರ್ ಸ್ಥಾಪಿಸಿದ ದಳದಿಂದ. ಆರಂಭದಲ್ಲಿ ಭಾರತೀಯ ಬಾಲಕರಿಗೆ ಪ್ರವೇಶವಿರಲಿಲ್ಲ. 1917ರಲ್ಲಿ ಆನಿ ಬೆಸೆಂಟರು ಮದರಾಸಿನಲ್ಲಿ ಭಾರತೀಯರದೇ ಆದ ಸಂಘವನ್ನು ಕಟ್ಟಿದರು. ಅದೇ ವರ್ಷ ಮೈಸೂರು ಸಂಸ್ಥಾನದಲ್ಲಿಯೂ ಬಾಲಚರ ಸಂಘವು ಏರ್ಪಟ್ಟಿತು. ಸ್ವಾತಂತ್ರ್ಯಾನಂತರ, 1950ರ ನವೆಂಬರ್ 7ರಂದು, ಬೇರೆಬೇರೆಯಾಗಿದ್ದ ಸಂಘಗಳು ಭಾರತ್ ಸ್ಕೌಟ್ಸ್ ಎಂದು ಒಂದುಗೂಡಿದವು. ಮರುವರ್ಷ ಗೈಡುಗಳೂ ಸೇರಿದರು. 1956ರಲ್ಲಿ ಪಚ್‌ಮಢಿಯಲ್ಲಿ ರಾಷ್ಟ್ರೀಯ ತರಬೇತಿ ಕೇಂದ್ರವು ಸ್ಥಾಪನೆಯಾಯಿತು. ರಾಯಚೂರು ಜಿಲ್ಲೆಯು ಹೈದರಾಬಾದು ರಾಜ್ಯದಿಂದ ಬಿಡಿಸಿಕೊಂಡು ಮೈಸೂರು ರಾಜ್ಯಕ್ಕೆ ಸೇರಿದುದೂ ಅದೇ ವರ್ಷವೇ. ಆದುದರಿಂದ ಮಾನ್ವಿ ದೇವದುರ್ಗಗಳ ಉಪಾಧ್ಯಾಯರಿಗೆ ಮೈಸೂರಿನ ನಾಲ್ಕು ದಶಕಗಳ ಪರಂಪರೆಯು ಪಿತ್ರಾರ್ಜಿತವಾಗಿ ಬಂದುದಲ್ಲ. ಇಂದು ದೊಡ್ಡಬಳ್ಳಾಪುರದಲ್ಲಿ ರಾಜ್ಯದ ತರಬೇತಿ ಕೇಂದ್ರವಿದೆ. ಪ್ರಾಥಮಿಕ, ಉನ್ನತ, ಹಿಮಾಲಯ ವುಡ್ ಬ್ಯಾಡ್ಜ್ ಎಂಬ ಹಂತಗಳಲ್ಲಿಯೂ ತನ್ನ ದಳದ ಕೆಲಸವೆಂಬ ಹಳೆಯ ನಿಯಮವು ಉಳಿದುಬಂದಿದೆ. ಪರ್ವತಾರೋಹಣದ ಮಾರ್ಗ ಬೇರೆ: 1954ರಲ್ಲಿ ಡಾರ್ಜಿಲಿಂಗಿನಲ್ಲಿ ಸ್ಥಾಪಿತವಾಗಿ ತೇನ್‌ಸಿಂಗರನ್ನು ಕ್ಷೇತ್ರ ತರಬೇತಿಯ ನಿರ್ದೇಶಕರನ್ನಾಗಿ ಪಡೆದ ಸಂಸ್ಥೆಯ ಮಾದರಿಯಲ್ಲಿ, ಮೊದಲ ಶಿಕ್ಷಣದಲ್ಲಿ ‘ಎ’ ಶ್ರೇಣಿ ಪಡೆದವರಿಗೆ ಮುಂದಿನದು, ಅದರಲ್ಲಿಯೂ ಪಡೆದವರಿಗೆ ಬೋಧನಾ ವಿಧಾನದ ಶಿಕ್ಷಣ.

ಇತಿಹಾಸ ವಿಭಾಗಕ್ಕೆ ಇವೆರಡಕ್ಕಿಂತ ಹತ್ತಿರವಾದ ಇನ್ನೊಂದು ನಿದರ್ಶನವಿದೆ. 1944ರಲ್ಲಿ ಮಾರ್ಟಿಮರ್ ವೀಲರ್ ತಕ್ಷಶಿಲೆಯಲ್ಲಿ ಉತ್ಖನನದ ತರಬೇತಿ ಶಿಬಿರವನ್ನು ನಡೆಸಿ, 1947ರಲ್ಲಿ ನಮ್ಮ ಬ್ರಹ್ಮಗಿರಿಯಲ್ಲಿ ಅಗೆಸಿದನು. ಆತನ ಪದ್ಧತಿಯಲ್ಲಿ ಬೆಳೆದ ಪೀಳಿಗೆಯ ಬಿ. ಕೆ. ಥಾಪರರು 1954ರಲ್ಲಿ ಮಸ್ಕಿಯಲ್ಲಿ ಕೆಲಸ ಮಾಡಿದರು. ಅದಕ್ಕೆ ಎರಡು ವರ್ಷ ಮೊದಲು ಎಫ್. ಆರ್. ಆಲ್ಚಿನ್ ಮುದಗಲ್ಲಿನ ಬಳಿಯ ಪಿಕ್ಲಿಹಾಳವನ್ನು ಅಗೆದಿದ್ದರು. ನಿರ್ದೇಶಕ, ಮೇಲ್ವಿಚಾರಕ, ಮೇಸ್ತ್ರಿ, ದಾಖಲೆಗಾರ ಇವರ ಹೊಣೆಗಳನ್ನು ವೀಲರ್ ತನ್ನ ಗ್ರಂಥದಲ್ಲಿ ಬಿಡಿಬಿಡಿಯಾಗಿ ವಿವರಿಸಿರುವುದನ್ನು ಓದಿದವರಿಗೆ, ಗುಂಡಿಯೊಂದರ ಆಳ್ವಿಕೆಯೂ ಬಾಲಚರ ತುಕಡಿಯ ಆಳ್ವಿಕೆಯೂ ಬೇರೆಯಲ್ಲವೆಂದು ತೋರದಿರದು.

ನಮ್ಮ ಕಾಲೇಜುಗಳಲ್ಲಿಯೋ ಬಸ್ಸು ಗೊತ್ತುಮಾಡಿ, ಬುತ್ತಿ ಕಟ್ಟಿಸಿ, ಹಾಜರಿ ಕೂಗುವುದೇ ಮುಂದಾಳುತನವೆಂದು ಭಾವಿಸುವುದುಂಟು. ಇದು ಅಪಾಯಕರವೆಂದೇ ನಮ್ಮ ಅಭಿಪ್ರಾಯ. ಇದರರ್ಥ ಡಾರ್ಜಿಲಿಂಗಿನ ಅರ್ಹತಾಪತ್ರವನ್ನು ತಂದರೆ ಸಾಕೆಂದೂ ಅಲ್ಲ. ಹಿಮದ ಶಿಕ್ಷಣವು ರಾಯಚೂರಿನ ವೈಶಾಖದ ಬಿಸಿಲನ್ನು ಹೇಳಿಕೊಡದು; ನಲವತ್ತು ಡಿಗ್ರಿಯನ್ನು ಮೀರುವ ಆ ದಿನಗಳಲ್ಲಿ ಹತ್ತು ಗಂಟೆಯೊಳಗೆ ಗುಡ್ಡ ಇಳಿಯದ ಮುಂದಾಳು ಎಷ್ಟೇ ಗಂಟುಗಳನ್ನು ಕಟ್ಟಬಲ್ಲವನಾದರೂ ಪ್ರಯೋಜನವಿಲ್ಲ. ಮಳೆ ಬಿದ್ದ ಎರೆಹೊಲದಲ್ಲಿ ಹೆಜ್ಜೆ ಕೀಳುವುದೇ ಕಷ್ಟ, ಬಂಡಿಯಂತೂ ಹೂತುಹೋಗುತ್ತದೆ. ಹಾಳು ಕೋಟೆಯ ಕಮಾನಿನ ಕೆಳಗೆ ಹೆಜ್ಜೇನಿದೆಯೇ ಎಂದು ನೋಡದೆ ಹೊಗೆ ಹಾಕಿ ಅಡಿಗೆಗೆ ತೊಡಗಬಾರದು. ದೇವದುರ್ಗದ ಕಡೆ ಕೃಷ್ಣೆಯ ವಿಷಯವಂತೂ ವಿಶೇಷವಾದುದು. ಅಲ್ಲಿ ಮೊಸಳೆಗಳಿವೆ. ಅಲ್ಲದೆ ಮೇಲೆ ನಾರಾಯಣಪುರ ಜಲಾಶಯವಿರುವುದರಿಂದ, ಇಲ್ಲಿ ಆಕಾಶದಲ್ಲಿ ಒಂದು ಮೋಡವಿಲ್ಲದಿದ್ದರೂ ಅಲ್ಲಿ ಬಾಗಿಲು ತೆರೆದರೆ ಹೊಳೆ ಏರುತ್ತದೆ. ಹೂವಿನಹೆಡಗಿಯ ಸೇತುವೆಯು 2019ರ ನೆರೆಯಲ್ಲಿ ಮುಳುಗಿದುದನ್ನು ಜಿಲ್ಲೆಯವರು ಬಲ್ಲರು. ವಿದ್ಯಾರ್ಥಿಗಳನ್ನು ನದೀತೀರಕ್ಕೆ ಒಯ್ಯುವವನು ನೀರು ಬಿಡುವ ಸುದ್ದಿಯನ್ನು ಮುಂಚಿತವಾಗಿ ವಿಚಾರಿಸುವುದು ಮೊದಲ ಪಾಠವಾಗಬೇಕು.

ಆದುದರಿಂದ ನಮ್ಮ ಸೂಚನೆ ಇಷ್ಟು. ವಿಭಾಗಕ್ಕೊಬ್ಬ ಅಧ್ಯಾಪಕರು ದೊಡ್ಡಬಳ್ಳಾಪುರದಲ್ಲಿಯೋ ಉತ್ಖನನ ಶಿಬಿರದಲ್ಲಿಯೋ ಶಿಕ್ಷಣ ಪಡೆಯಲಿ. ಪ್ರಥಮ ಚಿಕಿತ್ಸೆಯೂ ಅದರಲ್ಲಿ ಸೇರಿರಲಿ. ಬಳಿಕ ಒಂದು ವರ್ಷ ಅವರು ಗಬ್ಬೂರು, ಕಲ್ಲೂರು, ಮಸ್ಕಿಗಳಿಗೆ ಹತ್ತು ಮಂದಿಗೆ ಮೀರದ ತಂಡಗಳನ್ನು ನಡೆಸಿ, ದಾರಿ, ನೀರು, ನೆರಳು, ಹತ್ತಿರದ ಆಸ್ಪತ್ರೆ ಇವುಗಳ ದಿನಚರಿಯನ್ನು ಬರೆದಿಡಲಿ. ಗುಡ್ಡದ ಮೇಲೆ ಕುರಿ ಕಾಯುವವರನ್ನೂ, ಕುರ್ವಕುರ್ದಾದಂತಹ ನಡುಗಡ್ಡೆಗಳಿಗೆ ಹರಿಗೋಲು ಹಾಕುವ ಅಂಬಿಗರನ್ನೂ ಕಂಡು ಮಾತನಾಡಿಸದೆ ಆ ದಿನಚರಿಯು ಪೂರ್ಣವಾಗದು. ಅಂಬಿಗನು ಇಂದು ಹೊಳೆ ದಾಟುವುದು ಬೇಡವೆಂದರೆ, ಅಧ್ಯಾಪಕರ ಕೈಯಲ್ಲಿ ಯಾವ ಅರ್ಹತಾಪತ್ರವಿದ್ದರೂ, ಅಂದಿನ ಪ್ರವಾಸವನ್ನು ದಡದಲ್ಲಿಯೇ ನಿಲ್ಲಿಸತಕ್ಕದ್ದು.