ಪದ ಪರಿಚಯ: ಪಿಡಿಎಫ್

ಸುತ್ತೋಲೆ, ಹಾಲ್ ಟಿಕೆಟ್, ಮದುವೆಯ ಕರೆಯೋಲೆ ಎಲ್ಲಕ್ಕೂ ಈಗ ಒಂದೇ ಮಾತು: 'ಪಿಡಿಎಫ್ ಮಾಡಿ ಕಳಿಸಿ.' 'ಪೋರ್ಟಬಲ್ ಡಾಕ್ಯುಮೆಂಟ್ ಫಾರ್ಮ್ಯಾಟ್' ಎಂಬುದರ ಮೊದಲಕ್ಷರಗಳಿಂದ ಆದ ಹೆಸರಿದು. ಪೋರ್ಟಬಲ್ ಪದದ ಬೇರು ಲ್ಯಾಟಿನ್ನಿನ 'ಪೋರ್ತಾರೆ'. ಹೊರು, ಒಯ್ಯು ಎಂದರ್ಥ. ಇಲ್ಲಿ ಒಯ್ಯುವುದು ಪುಟದ ರೂಪವನ್ನು. ಯಾವ ಯಂತ್ರದಲ್ಲಿ ತೆರೆದರೂ ಸಾಲು, ಚಿತ್ರ, ಅಂಚು ಕದಲುವುದಿಲ್ಲ.

ತಂತ್ರಾಂಶ ಕಂಪನಿ ಅಡೋಬಿಯ ಸಹಸಂಸ್ಥಾಪಕ ಜಾನ್ ವಾರ್ನಾಕ್ 1991ರಲ್ಲಿ 'ಕ್ಯಾಮೆಲಾಟ್' ಎಂಬ ಹೆಸರಿನಲ್ಲಿ ಈ ಯೋಜನೆ ಮುಂದಿಟ್ಟರು. 1993ರಲ್ಲಿ ಪಿಡಿಎಫ್ ಬಳಕೆಗೆ ಬಂತು. 2008ರಲ್ಲಿ ಅದು ಐಎಸ್ಒ 32000 ಎಂಬ ಮುಕ್ತ ಅಂತರರಾಷ್ಟ್ರೀಯ ಮಾನಕವಾಯಿತು.

ಕನ್ನಡಕ್ಕೆ ಇದರಿಂದಾದ ಉಪಕಾರ ದೊಡ್ಡದು. ಅಕ್ಷರಶೈಲಿಯನ್ನು ಕಡತದೊಳಗೇ ಅಡಕಗೊಳಿಸಬಹುದಾದ್ದರಿಂದ, ಓದುವವರ ಕಂಪ್ಯೂಟರಿನಲ್ಲಿ 'ನುಡಿ', 'ಬರಹ'ದಂಥ ಕನ್ನಡ ತಂತ್ರಾಂಶ ಇಲ್ಲದಿದ್ದರೂ ಒತ್ತಕ್ಷರ ಮುರಿಯದೆ ಪುಟ ಕಾಣುತ್ತದೆ. ಆದರೆ ಕಾಣುವುದೇ ಬೇರೆ, ಹುಡುಕಲು ಸಿಗುವುದೇ ಬೇರೆ. ಪ್ರತಿ ಲಿಪಿಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಯೂನಿಕೋಡ್‌ಗೆ ಮುಂಚಿನ ಅಕ್ಷರಶೈಲಿಗಳು ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಮೇಲೆ ಕನ್ನಡದ ಆಕಾರಗಳನ್ನು ಕೂರಿಸಿದ್ದವು. ಅಂಥ ಪಿಡಿಎಫ್‌ನಿಂದ ಒಂದು ಸಾಲು ನಕಲಿಸಿದರೆ ಸಾಮಾನ್ಯವಾಗಿ ಅರ್ಥವಿಲ್ಲದ ಚಿಹ್ನೆಗಳು ಬರುತ್ತವೆ. ಕನ್ನಡ ಪದ ಕೊಟ್ಟು ಹುಡುಕಿದರೆ ಸಿಗುವುದಿಲ್ಲ. ಸ್ಕ್ಯಾನ್ ಮಾಡಿದ ಪುಟವಂತೂ, ಅಕ್ಷರ ಗುರುತಿಸುವ ತಂತ್ರಾಂಶ ಓಡಿಸುವವರೆಗೆ, ಬರೀ ಚಿತ್ರ. ಎಷ್ಟೋ ಒಳ್ಳೆಯ ಕನ್ನಡ ಬರಹ ಹೀಗೆ ಕಣ್ಣಿಗೆ ಕಂಡೂ ಹುಡುಕಾಟಕ್ಕೆ ದಕ್ಕದೆ ಉಳಿದಿದೆ.

ದೀರ್ಘಕಾಲ ಕಾಪಿಡಬೇಕಾದ ಕಡತಗಳಿಗೆಂದೇ 'ಪಿಡಿಎಫ್/ಎ' ಎಂಬ ಪ್ರಭೇದವಿದೆ. ಅಕ್ಷರಶೈಲಿ ಒಳಗೇ ಇರಬೇಕೆಂಬುದು ಅದರ ನಿಯಮ. ಪುಸ್ತಕ, ಪತ್ರಿಕೆ, ಆದೇಶ ಪ್ರಕಟಿಸುವವರು ದಯವಿಟ್ಟು ಯೂನಿಕೋಡ್‌ನಲ್ಲೇ ಬೆರಳಚ್ಚು ಮಾಡಿ, ಆಮೇಲೆ ಪಿಡಿಎಫ್ ಮಾಡಿ.